ಚಕ್ಕಡಿಯ ಮೇಲಿನ ಒಲೆ

ಸಂಜೆಯಾಯಿತೆಂದರೆ ನಮ್ಮ ಓಣಿಯ ತುದಿಗೆ ಈಗ ಒಂದು ಮೋಟಾರು ಗಾಡಿ ಬಂದು ನಿಲ್ಲುತ್ತದೆ. ಅದರ ಒಂದು ಪಕ್ಕವನ್ನು ಮೇಲಕ್ಕೆತ್ತಿ ಕಟ್ಟಿದರೆ ಒಳಗೆ ಗ್ಯಾಸಿನ ಒಲೆ, ಬಣ್ಣದ ದೀಪ, ದೊಡ್ಡ ಬಾಣಲೆ, ಕೆಂಪಗೆ ಹೊಳೆಯುವ ಗೋಬಿ. ಓಣಿಯ ಅರ್ಧ ಮಂದಿ ಅದರ ಮುಂದೆ ತಟ್ಟೆ ಹಿಡಿದು ನಿಂತಿರುತ್ತಾರೆ. ಅದು ಬಂದ ಮೊದಲ ದಿನ ನನ್ನ ಮೊಮ್ಮಗ ಏದುಸಿರು ಬಿಡುತ್ತ ಓಡಿ ಬಂದ.

“ಅಜ್ಜಿ, ಅಡಿಗಿಮನೀನ ಗಾಡಿ ಮ್ಯಾಲೆ ಕುಂದರಿಸ್ಯಾರ! ಇಂಥಾದ್ದು ನೀ ಎಂದರ ನೋಡಿಯೇನು?”

“ಇಂಥಾದ್ದರ ಸಲುವಾಗಿ ನಾ ಅತ್ತಷ್ಟು ನೀ ಇನ್ನೂ ನಕ್ಕಿಲ್ಲ, ಹೋಗು,” ಅಂದೆ.

ಅವನಿಗೆ ಅರ್ಥವಾಗಲಿಲ್ಲ. ನನಗೂ ಒಂದು ತಟ್ಟೆ ತಂದುಕೊಟ್ಟ. ತಿಂದು ನೋಡಿದೆ. ಚೆನ್ನಾಗಿಯೇ ಇತ್ತು, ಚೆನ್ನಾಗಿದ್ದುದಕ್ಕೇ ನನಗೆ ಸಿಟ್ಟು ಬಂತು. ಕಟ್ಟೆಯ ಮೇಲೆ ಕುಳಿತು ಆ ಗುಂಪನ್ನು ನೋಡುತ್ತಿದ್ದರೆ, ಅವರೆಲ್ಲ ನಮ್ಮ ಮನೆಯ ಗಿರಾಕಿಗಳು, ಇವನ್ಯಾವನೋ ಬಂದು ಕರೆದುಕೊಂಡು ಹೋದ ಎನ್ನಿಸುತ್ತದೆ. ಇಷ್ಟು ವಯಸ್ಸಾದರೂ ಹೊಟ್ಟೆಯೊಳಗಿನ ಆ ಹಳೆಯ ಕಿಚ್ಚು ಆರಿಲ್ಲವಲ್ಲ ಎಂದು ನನಗೇ ನಗು ಬರುತ್ತದೆ. ಅದು ಹತ್ತಿಕೊಂಡದ್ದು ನಾನು ಚಿಕ್ಕವಳಿದ್ದಾಗ, ಇದೇ ಸವಣೂರಿನಲ್ಲಿ, ಎತ್ತು ಎಳೆಯುವ ಒಂದು ಚಕ್ಕಡಿಯ ಸಲುವಾಗಿ.

ನಮ್ಮ ಮನೆಗೆ ಎರಡೇ ಕೋಣೆ. ಒಂದರಲ್ಲಿ ಒಲೆ, ನೀರಿನ ಹರವಿ, ಬೀಸುವ ಕಲ್ಲು, ಆಯಿಯ ಹೊರಸು. ಆಯಿ ಎಂದರೆ ಅಪ್ಪನ ತಾಯಿ. ಇನ್ನೊಂದರಲ್ಲಿ ಕಡಲೆಬೇಳೆಯ ಚೀಲ, ಎಣ್ಣೆಯ ಡಬ್ಬ, ಒಣಮೆಣಸಿನಕಾಯಿಯ ಘಾಟು, ಆ ಘಾಟಿನಲ್ಲೇ ನಮ್ಮ ಹಾಸಿಗೆ. ಮೂರನೆಯ ಕೋಣೆ ಹೊರಗೆ ಬೇವಿನ ಮರದ ಕೆಳಗೆ ನಿಂತಿರುತ್ತಿತ್ತು, ಅದಕ್ಕೆ ಗಾಲಿಗಳಿದ್ದವು. ಅಪ್ಪ ತನ್ನ ಚಕ್ಕಡಿಯ ಮೇಲೆ ಬಿದಿರಿನ ತಟ್ಟಿಯ ಕಮಾನು ಕಟ್ಟಿಸಿ, ಹಿಂಭಾಗದಲ್ಲಿ ದಪ್ಪನೆಯ ಮಣ್ಣು ಹಾಸಿ, ಅದರ ಮೇಲೆ ಒಲೆ ಹೂಡಿದ್ದ. ಒಲೆಯ ಬಲಕ್ಕೆ ಹಿಟ್ಟು ಕಲಸುವ ಪರಾತ, ಎಡಕ್ಕೆ ಉಪ್ಪಿನ ಗಡಿಗೆ, ತಲೆಯ ಮೇಲೆ ನೇತುಹಾಕಿದ ಬುಟ್ಟಿಯಲ್ಲಿ ಹಸಿಮೆಣಸಿನಕಾಯಿ. ಈ ಅಡುಗೆಮನೆಯನ್ನು ಎತ್ತುಗಳು ಸಂತೆಯಿಂದ ಸಂತೆಗೆ ಎಳೆದುಕೊಂಡು ಹೋಗುತ್ತಿದ್ದವು: ಒಂದು ದಿನ ಶಿಗ್ಗಾಂವಿ, ಒಂದು ದಿನ ಅಕ್ಕಿಆಲೂರು, ಇನ್ನೊಂದು ದಿನ ಹಾನಗಲ್ಲು. ಅಪ್ಪ ಚಕ್ಕಡಿ ಹೊಡೆದು ಚಹಾ ಕಾಸುತ್ತಿದ್ದ. ಕಡಾಯಿಯ ಮುಂದೆ ಕುಳಿತು ಮಿರ್ಚಿ ಭಜಿ, ಖಾರ, ಕಾಂದಾಭಜಿ ಕರಿಯುವವಳು ಅವ್ವ.

ಆ ಚಕ್ಕಡಿ ಬರುವುದಕ್ಕೆ ಮಂದಿ ಕಾಯುತ್ತಿದ್ದ ರೀತಿಯನ್ನು ಈಗಿನ ಹುಡುಗರಿಗೆ ಹೇಗೆ ಹೇಳಲಿ! ಎತ್ತಿನ ಗೆಜ್ಜೆ ಕೇಳಿದ ಕೂಡಲೆ ದನ ಮಾರುವವರು ದನವನ್ನು ಮರೆಯುತ್ತಿದ್ದರು. ಮುತ್ತಲ ಎಲೆಯ ಮೇಲೆ ಬಿಸಿ ಮಿರ್ಚಿ, ರೈತರು ಒಡ್ಡಿದ ಪಂಚೆಯ ಸೆರಗಿಗೆ ಚುರುಮುರಿ, ಅದರ ಮೇಲೆ ಉಳ್ಳಾಗಡ್ಡಿ, ಹಿಂದೆಯೇ ಬೆಲ್ಲದ ಚಹಾ. ಹೊಲದ ಸಾಲುಗಳಲ್ಲಿ ಬಗ್ಗಿದ ಬೆನ್ನು, ಪೀಠಿಕೆಯಿಲ್ಲದೆ ಜಗಳವಾಡುವ ಬಾಯಿ, ಎಲ್ಲವೂ ಆ ಗಾಲಿಗೆ ಒರಗಿ ಒಂದಿಷ್ಟು ಹೊತ್ತು ಮೆತ್ತಗಾಗುತ್ತಿದ್ದವು. ಹಗಲಿನಲ್ಲಿ ಚಕ್ಕಡಿಯ ಮುಂದೆ ನಿಂತು ತಿನ್ನಲು ನಾಚುವ ದೊಡ್ಡ ಮನೆಯವರು ಆಳಿನ ಕೈಯಲ್ಲಿ ಹಿತ್ತಾಳೆಯ ಡಬ್ಬಿ ಕೊಟ್ಟು, ಮೇಲೆ ವಸ್ತ್ರ ಮುಚ್ಚಿ ತರಿಸಿಕೊಳ್ಳುತ್ತಿದ್ದರು. ಇವೆಲ್ಲ ನನಗೆ ಅಪ್ಪ ಹೇಳಿದ ಮಾತುಗಳು. ನಾನು ಮಾತ್ರ ಮನೆಯಲ್ಲಿ ಆಯಿಯ ಕಾಲು ತಿಕ್ಕುತ್ತ ಕುಳಿತಿರುತ್ತಿದ್ದೆ.

ನನಗೆ ಆ ಚಕ್ಕಡಿಯ ಮೇಲೆ ಎಂಥ ಹೊಟ್ಟೆಕಿಚ್ಚು ಎಂದರೆ, ಅದರ ಗಾಲಿಗೆ ಒದ್ದು ಒದ್ದು ಹೆಬ್ಬೆರಳು ಊದಿಸಿಕೊಂಡಿದ್ದೆ. ಅವ್ವನ ಕನ್ನಡಿ ಇದ್ದದ್ದು ಮನೆಯಲ್ಲಲ್ಲ, ಚಕ್ಕಡಿಯಲ್ಲಿ. ಅವಳ ಬಾಚಣಿಗೆ, ಕುಂಕುಮದ ಭರಣಿ, ಎಲೆಅಡಿಕೆಯ ಚೀಲ ಎಲ್ಲವೂ ಅಲ್ಲೇ. ಮನೆಗೆ ಬಂದ ದಿನವೂ ಬೈತಲೆ ತಿದ್ದಿಕೊಳ್ಳಬೇಕಾದರೆ ಅವಳು ಹೊರಗೆ ಹೋಗಿ ಚಕ್ಕಡಿಯನ್ನು ಹತ್ತುತ್ತಿದ್ದಳು. ಊಟದ ಮಾತಂತೂ ಕೇಳಲೇಬೇಡಿ. ಊರೂರಿನ ಮಂದಿಗೆಲ್ಲ ಬಾಯಿ ಸುಡುವಂಥ ಮಿರ್ಚಿ. ಹೆತ್ತ ಮಗಳಿಗೆ ಸಂತೆಯಲ್ಲಿ ಉಳಿದು ತಣ್ಣಗಾಗಿ, ಎಣ್ಣೆ ಸೋರಿ, ಬೆಕ್ಕಿನ ಬಾಲದಂತೆ ಮೆತ್ತಗಾದದ್ದು. ಆಯಿ ಅದನ್ನು ಮಜ್ಜಿಗೆಯಲ್ಲಿ ಕುದಿಸಿ ರೊಟ್ಟಿಯ ಜೊತೆಗೆ ಕೊಡುತ್ತಿದ್ದಳು. ಗುರುತು ಪರಿಚಯವಿಲ್ಲದ ಹಾನಗಲ್ಲಿನ ಒಬ್ಬ ದಲಾಲಿ ನನ್ನ ಅವ್ವನ ಕೈಯಿಂದ ಬಿಸಿಬಿಸಿಯಾಗಿ ತಿನ್ನುತ್ತಾನೆ, ನಾನು ತಿಂದಿಲ್ಲ ಎಂಬುದನ್ನು ನೆನೆದರೆ ತುತ್ತು ಗಂಟಲಲ್ಲೇ ನಿಲ್ಲುತ್ತಿತ್ತು.

“ನನ್ನೂ ಕರಕೊಂಡು ಹೋಗಬೇ, ಅವ್ವ.”

“ನೀ ಬಂದ್ರ ಆಯಿಗೆ ನೀರು ಕೊಡಾವ್ರು ಯಾರು? ದೊಡ್ಡಾಕಿ ಆಗು, ಆಮ್ಯಾಲೆ ನೋಡೂಣು.”

ದೊಡ್ಡವಳಾಗುವುದಕ್ಕೆ ನಾನು ನನ್ನ ಕೈಲಾದದ್ದನ್ನೆಲ್ಲ ಮಾಡುತ್ತಿದ್ದೆ. ಮುಖ್ಯವಾಗಿ ಉಪ್ಪು ಕಲಿಯುತ್ತಿದ್ದೆ. ನಮ್ಮ ಮನೆಯಲ್ಲಿ ಒಂದು ಪದ್ಧತಿಯಿತ್ತು: ಮಾರುವ ಪದಾರ್ಥವನ್ನು ಬೋಣಿಗೆ ಆಗುವ ಮೊದಲು ಮನೆಯವರು ಯಾರೂ ಬಾಯಿಗೆ ಹಾಕುವ ಹಾಗಿಲ್ಲ. ಕಡಾಯಿಯಿಂದ ಮೊದಲು ಇಳಿದ ಘಾಣದ ಒಂದು ಭಜಿಯನ್ನು ಬೆಂಕಿಗೆ ಹಾಕಬೇಕು, ಆಮೇಲೆ ಮೊದಲ ಗಿರಾಕಿ ತಿನ್ನಬೇಕು. ಅವನ ನಾಲಿಗೆಗಿಂತ ಮುಂಚೆ ನಮ್ಮ ನಾಲಿಗೆ ತಗುಲಿದರೆ ಅದು ಎಂಜಲು, ಆ ದಿನದ ವ್ಯಾಪಾರ ಮುಗಿಯಿತು. ಹೀಗಾಗಿ ಉಪ್ಪನ್ನು ರುಚಿ ನೋಡಿ ಹಾಕುವ ಮಾತೇ ಇರಲಿಲ್ಲ. ಅಳತೆ ಎಂದರೆ ಅವ್ವನ ಬಲಗೈಯ ಹಿಡಿ. ಸಂತೆಗೆ ಹೋದ ಮೇಲೆ, ಪರಾತಕ್ಕೆ ಒಣಹಿಟ್ಟು ಸುರಿದು, ಆ ಹಿಡಿಯಷ್ಟು ಉಪ್ಪನ್ನು ನೀರಿನಲ್ಲಿ ಕರಗಿಸಿ ಕಲಸುತ್ತಿದ್ದಳು. ಅವಳ ಹಿಡಿ ಎಂದೂ ತಪ್ಪಿದ್ದಿಲ್ಲ. ನಾನು ಮನೆಯಲ್ಲಿ ಹೊಳೆಯ ಉಸುಕನ್ನು ಹಿಡಿ ಹಿಡಿಯಾಗಿ ತೆಗೆದು, ಅವ್ವನ ಹಿಡಿಗೆ ಹೋಲಿಸಿ ಹೋಲಿಸಿ ನೋಡುತ್ತಿದ್ದೆ.

ಅಷ್ಟರಲ್ಲಿ ಕಸ್ತೂರಿ ಬಂದಳು. ಅವ್ವನ ಅಣ್ಣನ ಮಗಳು, ಹುಲಗೂರಿನವಳು. ತಾಯಿ ತೀರಿಕೊಂಡ ಮೇಲೆ ಅವಳಪ್ಪ ಅವಳನ್ನು ನಮ್ಮ ಮನೆಯಲ್ಲಿ ಬಿಟ್ಟುಹೋದ. ನನಗಿಂತ ಸ್ವಲ್ಪ ದೊಡ್ಡವಳು, ಉದ್ದ ಜಡೆ, ಮಾತು ಕಡಿಮೆ. ಮೊದಲ ದಿನ ನಾನೇ ಅವಳಿಗೆ ನನ್ನ ಚಾಪೆಯ ಅರ್ಧ ಕೊಟ್ಟೆ. ಎರಡನೆಯ ಸಂತೆಗೆ ಅವ್ವ ಅವಳನ್ನು ಚಕ್ಕಡಿ ಹತ್ತಿಸಿಕೊಂಡಳು.

“ಪಾಪ, ತಾಯಿಲ್ಲದ ಕೂಸು. ನಾಕು ಊರು ನೋಡಿದ್ರ ಮನಸು ಹಗರ ಆಕ್ಕೈತಿ,” ಎಂದಳು ಅವ್ವ.

ತಾಯಿ ಇದ್ದ ತಪ್ಪಿಗೆ ನಾನು ಬೇವಿನ ಮರದ ಕೆಳಗೆ ನಿಂತು ಚಕ್ಕಡಿಯ ಧೂಳು ನೋಡಿದೆ. ಆಮೇಲೆ ಅವಳು ಇಳಿಯಲೇ ಇಲ್ಲ. ಮೆಣಸಿನಕಾಯಿ ಸೀಳುವುದಕ್ಕೆ ಕಸ್ತೂರಿ, ಹಿಟ್ಟು ಬಡಿಯುವುದಕ್ಕೆ ಕಸ್ತೂರಿ, ಅವ್ವನ ಹಣೆಯ ಬೆವರು ಒರೆಸುವುದಕ್ಕೆ ಕಸ್ತೂರಿ. ಮನೆಗೆ ಬಂದಾಗ ಅವಳ ಜಡೆಯಿಂದ ಕರಿದ ಎಣ್ಣೆಯ ವಾಸನೆ ಬರುತ್ತಿತ್ತು. ಅದು ಅವ್ವನ ವಾಸನೆ. ನಾನು ಚಾಪೆಯ ಅರ್ಧವನ್ನು ಕಿತ್ತುಕೊಂಡೆ. ಅವಳು ನೆಲದ ಮೇಲೆ ಮಲಗಿದಳು, ದೂರು ಹೇಳಲಿಲ್ಲ. ದೂರು ಹೇಳಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ನಾನಂತೂ ನನ್ನ ಉರಿಯನ್ನು ಮುಚ್ಚಿಡಲಿಲ್ಲ. ಆಯಿಗೆ, ನೆರೆಹೊರೆಯವರಿಗೆ, ಎತ್ತುಗಳಿಗೆ ಸಹ ಹೇಳಿದ್ದೆ: ಈ ಕಸ್ತೂರಿ ಒಂದು ದಿನ ಸಂತೆಯಲ್ಲಿ ಎಲ್ಲರ ಮುಂದೆ ಮಾನ ಕಳೆದುಕೊಳ್ಳುತ್ತಾಳೆ, ಆಗ ಅವ್ವನಿಗೆ ನನ್ನ ನೆನಪಾಗುತ್ತದೆ. ಈ ಮಾತು ಮುಂದೆ ನನ್ನ ಕೊರಳಿಗೇ ಬರುತ್ತದೆಂದು ಆಗ ಗೊತ್ತಿರಲಿಲ್ಲ.

ಶಿಗ್ಗಾಂವಿಯ ಸಂತೆಯಲ್ಲಿ ಒಂದು ದಿನ ಅವಘಡವಾಯಿತು. ಎತ್ತು ಬಿಚ್ಚಿದ ಮೇಲೆ ಚಕ್ಕಡಿ ಮುಂದಕ್ಕೆ ವಾಲದಿರಲೆಂದು ನೊಗದ ಕೆಳಗೆ ಊರುಗೋಲು ಕೊಡುತ್ತಾರಲ್ಲ, ಹಿಂದಿನ ದಿನದ ಮಳೆಗೆ ನೆಲ ಮೆತ್ತಗಾಗಿ ಅದು ಜಾರಿತು. ಚಕ್ಕಡಿ ಕುಸಿದು ಕಡಾಯಿ ಓರೆಯಾಗಿ, ಕುದಿಯುವ ಎಣ್ಣೆ ಅವ್ವನ ಬಲಗೈಯ ಮೇಲೆ ಚೆಲ್ಲಿತು. ಮುಂಗೈಯಿಂದ ಮೊಣಕೈಯವರೆಗೆ ಬೊಬ್ಬೆಗಳೆದ್ದವು. ಬೆರಳು, ಅಂಗೈ ಹೇಗೋ ಉಳಿದವು. ಅವ್ವ ಮನೆಯಲ್ಲಿ ಉಳಿಯಬೇಕಾಯಿತು. ಲೋಳಸರ ಹಚ್ಚಿ ಹಳೆಯ ಸೀರೆಯ ಅರಿವೆ ಸುತ್ತುವ ಕೆಲಸ ನನ್ನದು. ನೋವಿಗೆ ಅವಳು ಮುಖ ಕಿವುಚಿಕೊಳ್ಳುತ್ತಿದ್ದಳು, ನನಗೆ ಒಳಗೊಳಗೇ ಹಬ್ಬ. ಅವ್ವ ಮೊದಲ ಸಲ ಮನೆಯಲ್ಲಿದ್ದಾಳೆ, ಮೊದಲ ಸಲ ನನ್ನ ಕೈಯಿಂದ ನೀರು ಕುಡಿಯುತ್ತಿದ್ದಾಳೆ! ಕಡಾಯಿಯ ಮುಂದೆ ಕಸ್ತೂರಿ ಕುಳಿತಳು. ಕುಳಿತುಕೊಳ್ಳಲಿ, ಅವ್ವನಂತೂ ನನಗೆ ಸಿಕ್ಕಳು ಎಂದುಕೊಂಡೆ.

ಆದರೆ ಅವ್ವ ಸಿಕ್ಕಿರಲಿಲ್ಲ. ಹೊರಸಿನ ಮೇಲೆ ಮಲಗಿದರೂ ಅವಳ ಕಿವಿ ಗೆಜ್ಜೆಯ ಕಡೆಗೇ. ಚಕ್ಕಡಿ ಈಗ ಎಲ್ಲಿರಬಹುದು, ಹಿಟ್ಟು ಕಲಸಿರಬಹುದೇ, ಎಣ್ಣೆ ಕಾದಿರಬಹುದೇ ಎಂದು ತನ್ನಷ್ಟಕ್ಕೆ ಮಾತಾಡುತ್ತಿದ್ದಳು. ನಾನು ಕಥೆ ಹೇಳೆಂದರೆ ಹೂಂ ಎನ್ನುತ್ತಿದ್ದಳು, ಹೇಳುತ್ತಿರಲಿಲ್ಲ. ಅಪ್ಪ ಅಕ್ಕಿಆಲೂರಿನ ಸಂತೆ ಮುಗಿಸಿ ಬಂದ ದಿನ ಬಾಗಿಲಿನಿಂದಲೇ ನಗುತ್ತ ಒಳಗೆ ಬಂದ. ಖಾಲಿ ಬುಟ್ಟಿಯನ್ನು ಬೋರಲು ಹಾಕಿ ತೋರಿಸಿದ.

“ನೋಡಿಲ್ಲೆ, ಒಂದು ಚೂರೂ ಉಳದಿಲ್ಲ! ಮಂದಿ ಏನಂತಾರ ಗೊತ್ತೈತೇನು? ಈ ಹುಡುಗಿ ಕೈ ರುಚಿ ನಿಮ್ಮ ಹೇಣ್ತಿಗೂ ಇಲ್ಲ ಬಿಡ್ರಿ ಅಂದ್ರು. ಇನ್ನ ಆಕಿನ್ನ ಮನ್ಯಾಗ ಕುಂದರಸ್ರಿ ಅಂತ ನಕ್ಕೋತ ಹೇಳಿದ್ರು.”

“ಯಾರು ಅಂದ್ರು?” ಎಂದು ಅವ್ವ ಕೇಳಿದಳು.

“ಎಲ್ಲಾರೂ ಅಂದ್ರು.”

“ಎಲ್ಲಾರೂ,” ಎಂದಳು ಅವ್ವ. ಆಮೇಲೆ ಕಸ್ತೂರಿಯ ಕಡೆ ತಿರುಗಿ, “ಚೊಲೊ ಆತವಾ,” ಎಂದು ಗೋಡೆಯ ಕಡೆ ಹೊರಳಿ ಮಲಗಿದಳು. ಅಪ್ಪ ಒಳ್ಳೆಯ ಸುದ್ದಿ ಹೇಳಿದೆನೆಂದುಕೊಂಡು ಕಾಲು ತೊಳೆಯಲು ಹೋದ. ನಾನು ಮಾತ್ರ ಕಸ್ತೂರಿಯನ್ನು ತಿನ್ನುವವಳಂತೆ ನೋಡುತ್ತಿದ್ದೆ. ಅವ್ವನ ಮುಖ ನೋಡುವ ಪುರುಸೊತ್ತು ನನಗಿರಲಿಲ್ಲ.

ಮುಂದಿನದು ಹಾನಗಲ್ಲಿನ ಸಂತೆ. ಹಿಂದಿನ ದಿನ ಮಧ್ಯಾಹ್ನ ಹಿಟ್ಟು ಜರಡಿ ಹಿಡಿದು ಚೀಲಕ್ಕೆ ತುಂಬಿಟ್ಟೆವು. ಕಸ್ತೂರಿ ಹಳ್ಳಕ್ಕೆ ಬಟ್ಟೆ ಒಗೆಯಲು ಹೋದಳು, ನಾನು ಬಾವಿಗೆ ಹೋದೆ, ಆಯಿ ಗೊರಕೆ ಹೊಡೆಯುತ್ತಿದ್ದಳು. ಬೆಳಗಾಗುತ್ತಲೇ ಚಕ್ಕಡಿ ಹೋಯಿತು. ಆ ದಿನ ನಾನು ಲೋಳಸರ ಕೊಯ್ದು ತಂದರೆ ಅವ್ವ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

“ಇವತ್ತು ಬ್ಯಾಡ, ನೀಲಾ. ಮುಟ್ಟಬ್ಯಾಡ. ಭಾಳ ಉರಿಯಾಕತ್ತೈತಿ.”

ಹಾನಗಲ್ಲಿನಲ್ಲಿ ಆದದ್ದನ್ನು ಮರುದಿನ ಸಂಜೆ ಅಪ್ಪ ನೊಗ ಇಳಿಸುತ್ತಲೇ ಹೇಳಿದ. ಮೊದಲ ಘಾಣ ಇಳಿಯಿತು, ಒಂದನ್ನು ಬೆಂಕಿಗೆ ಹಾಕಿದರು, ಪ್ರತಿಸಲದಂತೆ ಆ ದಲಾಲಿಯೇ ಬೋಣಿಗೆ ಮಾಡಿದ. ಕಚ್ಚಿದವನು ಕಣ್ಣು ಬಿಟ್ಟು, ಥೂ ಎಂದು ಉಗುಳಿ, ನೀರು ನೀರು ಎಂದು ಕೂಗಿದನಂತೆ. ಸುತ್ತ ನಿಂತವರು ನಕ್ಕರು. ಕಸ್ತೂರಿ ತನ್ನ ಹಿಡಿ ತಪ್ಪಿತೆಂದುಕೊಂಡು ಆ ಹಿಟ್ಟನ್ನು ಚೆಲ್ಲಿ, ಹೊಸ ಹಿಟ್ಟಿಗೆ ಅರ್ಧ ಹಿಡಿ ಉಪ್ಪು ಹಾಕಿ ಕಲಸಿದಳು. ಅದೂ ಬಾಯಿಗೆ ಇಡುವ ಹಾಗಿರಲಿಲ್ಲ. ಆಮೇಲೆ ಒಬ್ಬ ಗಿರಾಕಿಯೂ ಹತ್ತಿರ ಬರಲಿಲ್ಲ. ಒಲೆ ಆರಿಸಿ, ಬರಿ ಚುರುಮುರಿ, ಚಹಾ ಮಾರಿಕೊಂಡು ಬಂದರು. ಹೇಳುವಾಗ ಅಪ್ಪನ ದನಿ ಸಣ್ಣದಾಗಿತ್ತು. ಕಸ್ತೂರಿ ಚಕ್ಕಡಿಯಿಂದ ಇಳಿಯದೆ ಕಮಾನಿನ ಒಳಗೆ ಮುದುಡಿ ಕುಳಿತಿದ್ದಳು. ನನಗೆ ಆದ ಸಂತೋಷ ಹೇಳತೀರದು. ನಗು ಬಂದು, ಅದನ್ನು ತಡೆಯಲು ಬಾಯಿಗೆ ಒತ್ತಿದ ಕೈ ಸಾಲದೆ ಹಿತ್ತಲಿಗೆ ಓಡಿದೆ. ಆ ನಗುವನ್ನು ಆಯಿ ನೋಡಿದಳು.

ಉಳಿದ ಹಿಟ್ಟಿನಲ್ಲಿ ಆಯಿ ರೊಟ್ಟಿಗೆಂದು ಝುಣಕ ಮಾಡಿದಳು. ಎಲ್ಲರೂ ಉಣ್ಣಲು ಕುಳಿತೆವು. ಅಪ್ಪ ಮೊದಲ ತುತ್ತು ಬಾಯಿಗಿಟ್ಟು ಹಾಗೇ ನಿಲ್ಲಿಸಿದ. ಆಯಿ ಎದ್ದುಹೋಗಿ, ಚೀಲದಿಂದ ಒಣಹಿಟ್ಟನ್ನು ಚಿಟಿಕೆ ತೆಗೆದು ನಾಲಿಗೆಗೆ ಹಚ್ಚಿಕೊಂಡಳು.

“ಹುಡುಗಿ ಕೈಯಾಗ ತಪ್ಪಿಲ್ಲೋ. ಉಪ್ಪು ಹಿಟ್ಟಿನಾಗ ಐತಿ. ಮನ್ಯಾಗ ಬಿದ್ದೈತಿ ಇದು.”

ಯಾರೂ ನನ್ನ ಹೆಸರು ಹೇಳಲಿಲ್ಲ. ಎಲ್ಲರೂ ನನ್ನ ಕಡೆ ನೋಡಿದರು, ಅಷ್ಟೇ. ನಾನು ತಾಟು ನೂಕಿ ಎದ್ದೆ.

“ನಾ ಹಾಕಿಲ್ಲ! ಆಯಿ, ನಿನ್ನ ಆಣಿ, ನಾ ಹಾಕಿಲ್ಲ!”

“ಊರ ತುಂಬ ಹೇಳ್ಕೋತ ತಿರಗಾಕತ್ತಿದ್ದೆಲ್ಲ, ಕಸ್ತೂರಿ ಮಾನ ಕಳಕೋತಾಳ ಅಂತ. ಈಗ ಕಳದಿ,” ಎಂದ ಅಪ್ಪ. ಅವನು ಎಂದೂ ನನಗೆ ಹೊಡೆದವನಲ್ಲ, ಅಂದೂ ಹೊಡೆಯಲಿಲ್ಲ. “ಉಪ್ಪು ಹಾಕಿದ ಕೈ ಇನ್ನ ನನ್ನ ಚಕ್ಕಡಿ ಮುಟ್ಟಬಾರದು. ದೊಡ್ಡಾಕಿ ಆದ ಮ್ಯಾಲೂ ಇಲ್ಲ. ಮುಗೀತು.”

ಆಗ ಕಸ್ತೂರಿ ಬಾಯಿ ಬಿಟ್ಟಳು.

“ನೀಲಾ ಹಾಕಿರಾಕಿಲ್ಲ, ಮಾವ. ಜರಡಿ ಹಿಡಿಯೂ ಮುಂದ ನಾನ ಏನರ ತಪ್ಪಿ ಹಾಕಿರಬೇಕು. ಆಕಿಗೆ ಬೈಬ್ಯಾಡ್ರಿ.”

ಅದನ್ನು ಕೇಳಿ ನನಗೆ ಇನ್ನಷ್ಟು ಉರಿಯಿತು. ಮಿರ್ಚಿಯಲ್ಲಿ ನನ್ನನ್ನು ಹಿಂದೆ ಹಾಕಿದ್ದು ಸಾಲದೆಂದು ಒಳ್ಳೆಯತನದಲ್ಲೂ ಹಿಂದೆ ಹಾಕಿದಳು! ಎಲ್ಲರ ಕಣ್ಣಿನಲ್ಲಿ ಅವಳು ದೇವರಂಥವಳು, ನಾನು ಉಪ್ಪು ಹಾಕಿದವಳು. ನಾನು ಅವ್ವನನ್ನು ನೋಡಿದೆ. ಈಗ ಅವಳಾದರೂ ಒಂದು ಮಾತು ಹೇಳಿಯಾಳು, ನನ್ನ ಮಗಳು ಅಂಥವಳಲ್ಲ ಅಂದಾಳು ಎಂದು ಕಾದೆ. ಅವ್ವ ಎಡಗೈಯಿಂದ ರೊಟ್ಟಿಯ ಅಂಚು ಮುರಿಯುತ್ತ ಕುಳಿತಿದ್ದಳು. ತಲೆ ಎತ್ತಲಿಲ್ಲ.

ಮರುದಿನ ಅವ್ವನ ಕೈ ಬಾತಿತ್ತು, ಮೈ ಕಾದಿತ್ತು. ಆಯಿ ಅವಳನ್ನು ಗದರಿಸಿ, ಅರಿವೆ ಬಿಚ್ಚೆಂದು ನನ್ನನ್ನು ಕಳಿಸಿದಳು. ನಾನು ಮುಖ ಊದಿಸಿಕೊಂಡು ಕುಳಿತು ಸುತ್ತು ಬಿಚ್ಚತೊಡಗಿದೆ. ಅರಿವೆ ಗಾಯಕ್ಕೆ ಅಂಟಿ ಗಟ್ಟಿಯಾಗಿತ್ತು. ಮಣಿಕಟ್ಟಿನ ಹತ್ತಿರದ ಮಡಿಕೆ ಬಿಡಿಸಿದಾಗ ಹಳದಿ ಹಿಟ್ಟು ಉದುರಿತು. ಅದರ ಜೊತೆಗೆ ಬಿಳಿಯ ಹರಳುಗಳು ನನ್ನ ಲಂಗದ ಮೇಲೆ ಬಿದ್ದವು. ಒಂದನ್ನು ಬೆರಳಿಗೆ ಅಂಟಿಸಿ ನಾಲಿಗೆಗಿಟ್ಟುಕೊಂಡೆ. ಅವ್ವ ನನ್ನನ್ನೇ ನೋಡುತ್ತಿದ್ದಳು. ಸುಟ್ಟ ಕೈಯನ್ನೇ ಉಪ್ಪಿನ ಗಡಿಗೆಯಲ್ಲಿ ಇಳಿಸಿದ್ದಳು. ಆ ಉರಿಯನ್ನು ಹಲ್ಲು ಕಚ್ಚಿ ತಡೆದುಕೊಂಡು ಹಿಟ್ಟಿನ ತಳದವರೆಗೆ ಕಲಸಿದ್ದಳು.

“ಅವ್ವ, ಯಾಕಬೇ?”

ಅವಳು ಎಡಗೈಯಿಂದ ನನ್ನ ಲಂಗದ ಮೇಲಿನ ಹರಳುಗಳನ್ನು ಕೊಡವಿದಳು.

“ಆ ಒಲಿ ಮುಂದ ಕುಂತು ಕುಂತು ನನ್ನ ಹುಬ್ಬು ಸುಟ್ಟಾವು, ನೀಲಾ. ನೀ ಹೊಟ್ಟ್ಯಾಗ ಇದ್ದಾಗೂ ನಾ ಇಳದಾಕಿ ಅಲ್ಲ. ನಾಕು ಸಂತಿ ನಾ ಹೋಗಲಿಲ್ಲ, ಮಂದಿ ನನ್ನ ಮರತಬಿಟ್ರು. ಮರೀಲಿ. ನಿಮ್ಮಪ್ಪ ನಕ್ಕೋತ ಬಂದು ಹೇಳಿದ ನೋಡು, ಅದನ್ನ ನನಗ ತಡಕೊಳ್ಳಾಕ ಆಗಲಿಲ್ಲ.”

ಆ ಕ್ಷಣ ನನಗೆ ಅನ್ನಿಸಿದ್ದನ್ನು ನೆಟ್ಟಗೆ ಹೇಳಿಬಿಡುತ್ತೇನೆ. ಮೊದಲು ಬಂದದ್ದು ಸಿಟ್ಟಲ್ಲ, ಸಂತೋಷ. ಈ ಹಾಳು ಹೊಟ್ಟೆಕಿಚ್ಚು ನನ್ನೊಬ್ಬಳ ರೋಗ, ಆಯಿ ಹೇಳುವ ಹಾಗೆ ನಾನು ಯಾವುದೋ ಕೆಟ್ಟ ಗಳಿಗೆಯಲ್ಲಿ ಹುಟ್ಟಿದವಳು ಎಂದುಕೊಂಡಿದ್ದೆ. ಅಲ್ಲ, ನಾನು ನನ್ನ ಅವ್ವನ ಮಗಳು. ಆಮೇಲೆ ಸಿಟ್ಟೂ ಬಂತು, ಅಳುವೂ ಬಂತು. ಅವಳು ಒಂದು ಚಕ್ಕಡಿಗಾಗಿ ಸುಟ್ಟ ಕೈಯನ್ನು ಉಪ್ಪಿನಲ್ಲಿ ಇಟ್ಟಳು. ನನಗಾಗಿ ಒಂದು ಮಾತು ಆಡಲಿಲ್ಲ. ಗಾಯ ತೊಳೆದೆ, ಲೋಳಸರ ಹಚ್ಚಿದೆ, ಹೊಸ ಅರಿವೆ ಸುತ್ತಿದೆ. ಹಳೆಯದನ್ನು ಹಿಡಿದುಕೊಂಡು ಹೋಗಿ ಅಪ್ಪನ ಮುಂದೆ ಕೊಡವಿದ್ದರೆ ನನ್ನ ಮಾನ ನನಗೆ ಬರುತ್ತಿತ್ತು, ಅವ್ವನ ಚಕ್ಕಡಿ ಹೋಗುತ್ತಿತ್ತು. ಬಾವಿಯ ಹತ್ತಿರ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತಿದ್ದೆ. ಕೊನೆಗೆ ಒಗೆದು ಒಣಹಾಕಿದೆ. ಯಾಕೆ ಎಂದು ಕೇಳಿದರೆ ಇವತ್ತಿಗೂ ನನಗೆ ಗೊತ್ತಿಲ್ಲ. ಚಕ್ಕಡಿ ಇಲ್ಲದ ಅವ್ವ ನನಗೆ ಬೇಡವಾಗಿದ್ದಳೇನೋ.

ಆ ಕೈಯ ಬಾವು ಇಳಿದ ಮೇಲೆ ಶಿಗ್ಗಾಂವಿಯ ಸಂತೆ ಬಂತು. ಬೆಳಗಿನಲ್ಲಿ ಅಪ್ಪ ಎತ್ತು ಹೂಡುತ್ತಿದ್ದ. ಕಸ್ತೂರಿ ಒಲೆಯ ಮುಂದಿನ ತನ್ನ ಜಾಗದಲ್ಲಿ ಕುಳಿತಿದ್ದಳು. ನಾನು ಬೇವಿನ ಮರಕ್ಕೆ ಒರಗಿ ನಿಂತಿದ್ದೆ, ಚಕ್ಕಡಿಯನ್ನು ಮುಟ್ಟದಷ್ಟು ದೂರದಲ್ಲಿ. ಅವ್ವ ಅರಿವೆ ಸುತ್ತಿದ ಕೈಯನ್ನು ಎದೆಗೆ ಒತ್ತಿಕೊಂಡು ಹೊರಗೆ ಬಂದಳು.

“ಹಿಟ್ಟಿನಾಗ ಉಪ್ಪು ಹಾಕಿದ್ದು ನಾನು.”

ಅಪ್ಪ ನೊಗದ ಹಗ್ಗವನ್ನು ಹಿಡಿದೇ ನಿಂತ. ಒಳಗಿನಿಂದ ಆಯಿ ಏನು ಏನು ಎಂದು ಕೂಗಿದಳು.

“ನೀ? ಯಾಕ?”

“ಯಾಕ ಅಂತ ಕೇಳಬ್ಯಾಡ್ರಿ. ಕೇಳಿದ್ರೂ ನಿಮಗ ತಿಳ್ಯಾಂಗಿಲ್ಲ. ಉಪ್ಪು ಹಾಕಿದ ಕೈ ಚಕ್ಕಡಿ ಮುಟ್ಟಬಾರದು ಅಂದೀರಿ. ಆತು, ಈ ಕೈ ಮುಟ್ಟೂದಿಲ್ಲ.” ಎಡಗೈಯಿಂದ ಕಮಾನಿನ ಕಂಬ ಹಿಡಿದು, ಒಂದು ಕಾಲು ಗಾಲಿಯ ಮೇಲಿಟ್ಟಳು. “ಎಡಗೈಲೆ ಹತ್ತೇನಿ.”

ಅಪ್ಪ ಅವಳನ್ನು ನೋಡಿದ, ಎತ್ತುಗಳನ್ನು ನೋಡಿದ, ಕೊನೆಗೆ ನನ್ನನ್ನು ನೋಡಿದ. ಅವನಿಗೆ ನನ್ನ ಮುಖ ನೋಡುವುದು ಎಲ್ಲಕ್ಕಿಂತ ಕಷ್ಟವಾಯಿತೆಂದು ಕಾಣುತ್ತದೆ. ಹಗ್ಗ ಬಿಟ್ಟು ಬಂದು ನನ್ನನ್ನು ಎರಡೂ ಕೈಯಿಂದ ಎತ್ತಿ, ಹಿಟ್ಟಿನ ಚೀಲ ಇಟ್ಟಂತೆ ಚಕ್ಕಡಿಯೊಳಗೆ ಇಟ್ಟ. “ನನ್ನ ನೀರು ನಾ ತಗೋತೇನಿ, ಹೋಗ್ರಿ,” ಎಂದು ಒಳಗಿನಿಂದ ಆಯಿ ಕೂಗಿದಳು. ಕಸ್ತೂರಿ ಒಲೆಯ ಮುಂದಿನಿಂದ ಎದ್ದು, ತನ್ನ ಸೆರಗಿನಿಂದ ಹಲಗೆ ಒರೆಸಿದಳು.

“ಇಲ್ಲೆ ಕುಂದರ್ರಿ, ಅತ್ತಿ.”

ಅವ್ವ ಅವಳ ಗಲ್ಲವನ್ನು ಹಿಡಿದುಕೊಂಡಳು. ನಾನು ಆ ಹೊತ್ತಿನಲ್ಲೂ ಆ ಗಲ್ಲವನ್ನೇ ನೋಡುತ್ತಿದ್ದೆ.

ಶಿಗ್ಗಾಂವಿಯನ್ನು ನಾನು ಕಂಡದ್ದು ಹಾಗೆ, ಅಡುಗೆಮನೆಯ ಬಾಗಿಲಲ್ಲಿ ಕುಳಿತು. ಗೆಜ್ಜೆಯ ಸದ್ದಿಗೆ ಮಂದಿ ತಿರುಗಿದರು. “ಬಂದ್ರವಾ ಬಂದ್ರು,” ಎಂದರು. “ಕೈ ಹೆಂಗೈತ್ರಿ ಅಕ್ಕಾ?” ಎಂದು ಒಬ್ಬಳು ಕೇಳಿದಳು. “ನೀವಿಲ್ಲದ ಸಂತಿ ಸಂತಿ ಅನಸಲಿಲ್ಲರಿ,” ಎಂದ ಬಳೆಗಾರ. ಅವ್ವನ ಮುಖ ಅರಳಿತು. ಮರೆತವರು ಯಾರೂ ಇರಲಿಲ್ಲ. ಅಪ್ಪ ಊರುಗೋಲಿನ ಕೆಳಗೆ ಚಪ್ಪಟೆ ಕಲ್ಲು ಇಟ್ಟು, ತಾನೇ ಜಗ್ಗಿ ನೋಡಿದ. ಒಲೆ ಹೊತ್ತಿತು. ಕಸ್ತೂರಿ ಪರಾತಕ್ಕೆ ಹಿಟ್ಟು ಸುರಿದಳು. ಅವ್ವ ಉಪ್ಪಿನ ಗಡಿಗೆಯನ್ನು ನನ್ನ ತೊಡೆಯ ಮೇಲೆ ಇಟ್ಟಳು.

“ಹಾಕು.”

“ನಾನೇನು?”

“ಮನ್ಯಾಗ ಕುಂತು ಉಸುಕಿನಾಗ ಕಲತಿ ಅಲ್ಲ? ನಾ ನೋಡಿಲ್ಲಂತ ತಿಳದೀ? ಹಾಕು.”

ಗಡಿಗೆಗೆ ಕೈ ಇಳಿಸಿದೆ. ಅವಳ ಕೈಗಿಂತ ನನ್ನ ಕೈ ಚಿಕ್ಕದು, ಅದಕ್ಕೆ ಒಂದು ಹಿಡಿಯ ಮೇಲೆ ಒಂದಿಷ್ಟು. ಅದನ್ನು ನೀರಿಗೆ ಹಾಕಿದೆ, ಕಸ್ತೂರಿ ಕಲಸಿದಳು, ಅವ್ವ ಎಡಗೈಯಿಂದ ಮೆಣಸಿನಕಾಯಿ ಅದ್ದಿ ಬಿಟ್ಟಳು. ಎಣ್ಣೆ ಚುರ್ ಎಂದಿತು. ಒಂದನ್ನು ಬೆಂಕಿಗೆ ಕೊಟ್ಟೆವು. ಬೋಣಿಗೆ ಮಾಡಿದವಳು ಹುಣಸೆಹಣ್ಣು ಮಾರುವ ಒಬ್ಬ ಮುದುಕಿ. ಅವಳಿಗೆ ಹಲ್ಲಿರಲಿಲ್ಲ, ಅವಳು ಊದಿ ಊದಿ ಒಸಡಿನಿಂದ ಜಗಿಯುವವರೆಗೆ ನಾವು ಮೂವರೂ ಉಸಿರು ಹಿಡಿದು ಅವಳ ಬಾಯಿಯನ್ನೇ ನೋಡಿದೆವು. ನುಂಗಿದಳು. ಎಲೆಯನ್ನು ಮತ್ತೆ ಮುಂದೆ ಒಡ್ಡಿದಳು.

“ಇನ್ನೊಂದು ಕೊಡು.”

ಆಗ ಅವ್ವ ಕಡಾಯಿಯಿಂದ ಒಂದನ್ನು ತೆಗೆದು ನನ್ನ ಅಂಗೈಗೆ ಹಾಕಿದಳು. ಸುಟ್ಟಿತು. ಕೈಯಿಂದ ಕೈಗೆ ಎಸೆದುಕೊಳ್ಳುತ್ತ, ಕಣ್ಣಲ್ಲಿ ನೀರು ಸುರಿಸುತ್ತ ತಿಂದೆ. ಮಿರ್ಚಿಯ ತೊಗಟೆ ಹಾಗೆ ಚಟಪಟ ಅನ್ನುತ್ತದೆಂದು ನನಗೆ ಅದುವರೆಗೂ ಗೊತ್ತಿರಲಿಲ್ಲ.

ಮುಂದೆ ಕಸ್ತೂರಿಯ ಮದುವೆಯಾಯಿತು, ಹಿರೇಕೆರೂರಿಗೆ ಕೊಟ್ಟರು. ಬೀಳ್ಕೊಡುವಾಗ ಅವ್ವ ಅತ್ತಳು, ನಾನೂ ಅತ್ತೆ. ಒಲೆಯ ಮುಂದಿನ ಜಾಗ ಇನ್ನು ನನ್ನದು ಎಂಬ ಲೆಕ್ಕವೂ ಆ ಅಳುವಿನೊಳಗೆ ಇತ್ತು. ಕೆಲವು ವರ್ಷಗಳ ಮೇಲೆ ಸುದ್ದಿ ಬಂತು: ಕಸ್ತೂರಿ ಗಂಡನಿಂದ ಚಕ್ಕಡಿಗೆ ಕಮಾನು ಕಟ್ಟಿಸಿದ್ದಾಳೆ, ಒಲೆ ಹೂಡಿದ್ದಾಳೆ, ಅವಳ ಮಿರ್ಚಿ ತಿನ್ನಲು ಎರಡು ಹರದಾರಿಯಿಂದ ಮಂದಿ ಬರುತ್ತಾರೆ. ಅವ್ವ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ, “ನಡಿ, ನೋಡಿ ಬರೂಣು,” ಎಂದಳು.

ಹಿರೇಕೆರೂರಿನ ಸಂತೆಯಲ್ಲಿ ಹುಡುಕಬೇಕಾಗಲಿಲ್ಲ. ಗುಂಪು ಇದ್ದ ಕಡೆ ನಡೆದೆವು. ಕಸ್ತೂರಿ ನಮ್ಮನ್ನು ಕಂಡು ಕರಿಯುವ ಝಾರಿಯನ್ನು ಕಡಾಯಿಯಲ್ಲೇ ಬಿಟ್ಟು, ಚಕ್ಕಡಿಯಿಂದ ಧುಮುಕಿ ಬಂದು ಅವ್ವನ ಕಾಲು ಹಿಡಿದಳು.

“ಬೋಣಿಗಿ ಇನ್ನೂ ಆಗಿಲ್ಲ, ಅತ್ತಿ. ನೀವ ಮಾಡ್ರಿ.”

ಮುತ್ತಲ ಎಲೆಯ ಮೇಲೆ ಎರಡು ಮಿರ್ಚಿ ತಂದುಕೊಟ್ಟಳು. ಅವ್ವ ಒಂದು ನನಗೆ ಕೊಟ್ಟು ಒಂದು ತಾನು ತೆಗೆದುಕೊಂಡಳು. ಇಡೀ ಗುಂಪು ಕಾಯುತ್ತಿತ್ತು. ಕಸ್ತೂರಿ ಅವ್ವನ ಬಾಯಿಯನ್ನೇ ನೋಡುತ್ತಿದ್ದಳು, ಒಮ್ಮೆ ನಾವು ಹುಣಸೆಹಣ್ಣಿನ ಮುದುಕಿಯನ್ನು ನೋಡಿದ ಹಾಗೆ. ನಾನು ಕಚ್ಚಿದೆ. ಅಷ್ಟು ಹದವಾದ ಉಪ್ಪನ್ನು ನಾನು ನಮ್ಮ ಚಕ್ಕಡಿಯಲ್ಲೂ ಕಂಡಿರಲಿಲ್ಲ. ಅವ್ವ ನಿಧಾನವಾಗಿ ಜಗಿದಳು, ನುಂಗಿದಳು, ಬೆರಳು ಒರೆಸಿಕೊಂಡಳು.

“ಉಪ್ಪು ಒಂದು ಚೂರು ಕಡಿಮಿ ಆಗೈತಿ. ಹೌದಲ್ಲೇನು, ನೀಲಾ?”

“ಹೌದವ್ವ,” ಅಂದೆ ನಾನು. “ಕಡಿಮಿ ಐತಿ.”

ಕಸ್ತೂರಿ ನಕ್ಕಳು. “ಹಂಗಾರ ಮುಂದಿನ ಘಾಣಕ್ಕ ನೀವ ಹಾಕಿ ಕೊಡ್ರಿ, ಅತ್ತಿ,” ಎಂದು ಕೈಕೊಟ್ಟು ಅವ್ವನನ್ನು ಚಕ್ಕಡಿಯ ಮೇಲೆ ಹತ್ತಿಸಿಕೊಂಡಳು. ಅವ್ವ ಕಲೆಬಿದ್ದ ಕೈಯನ್ನು ಗಡಿಗೆಯಲ್ಲಿ ಇಳಿಸಿ ಹಿಡಿ ತುಂಬ ಉಪ್ಪು ತೆಗೆದಳು. ಆ ಹಿಡಿಯನ್ನು ಹಿಟ್ಟಿನ ಮೇಲೆ ಹಿಡಿದುಕೊಂಡು ಸ್ವಲ್ಪ ಹೊತ್ತು ಹಾಗೇ ಇದ್ದಳು. ಆಮೇಲೆ ಅಷ್ಟನ್ನೂ ತಿರುಗಿ ಗಡಿಗೆಗೆ ಸುರಿದು, ಬೆರಳಿಗೆ ಅಂಟಿದ್ದನ್ನು ಮಾತ್ರ ಹಿಟ್ಟಿಗೆ ಕೊಡವಿದಳು. ಕಸ್ತೂರಿ ಅದನ್ನು ನೋಡಿದಳು. ಅವ್ವನ ಭುಜಕ್ಕೆ ಭುಜ ತಾಗಿಸಿ ಕುಳಿತು ಹಿಟ್ಟು ಬಡಿಯತೊಡಗಿದಳು.

ನಾನು ಕೆಳಗೆ, ಗಿರಾಕಿಗಳ ನಡುವೆ, ಕೈಯಲ್ಲಿ ಬಿಸಿ ಮಿರ್ಚಿ ಹಿಡಿದುಕೊಂಡು ನಿಂತಿದ್ದೆ. ಚಿಕ್ಕಂದಿನಲ್ಲಿ ಯಾರ ಮೇಲೆ ಅಷ್ಟು ಉರಿದುಕೊಳ್ಳುತ್ತಿದ್ದೆನೋ ಅವರದೇ ಜಾಗ ಅದು. ಮೇಲೆ ಅವರಿಬ್ಬರು ನಗುತ್ತಿದ್ದರು. ಆ ಚಕ್ಕಡಿಯಲ್ಲಿ ಮೂರನೆಯವರಿಗೆ ಎಡೆಯಿರಲಿಲ್ಲ. ಉಳಿದ ಮಿರ್ಚಿಯನ್ನು ಬಾಯಿಗೆ ತುರುಕಿ, ಮಂದಿಯನ್ನು ಸರಿಸಿ, ಸೀರೆ ಎತ್ತಿಕಟ್ಟಿ ಗಾಲಿಯ ಮೇಲೆ ಕಾಲಿಟ್ಟೆ.

“ಕಸ್ತೂರಿ, ಅತ್ತಾಗ ಸರಿ,” ಅಂದೆ. “ಅವ್ವನ ಮಗ್ಗಲಾಗ ನಾ ಕುಂದರ್ತೇನಿ.”

ಅವಳು ಸರಿದಳು.